ತಕ್ಕಡಿಗೆ ಜಾತಿಯಿಲ್ಲ, ತಾಟಿಗೆ ಐತಿ

"ಕುಸ್ತಿಯೊಳಗ ಜಾತಿ ಎಲ್ಲೈತ್ರಿ? ಲಂಗೋಟಿ ಕಟ್ಟಿದ ಮ್ಯಾಲೆ ಎಲ್ಲಾರೂ ಒಂದ."

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಜಾತ್ರೆಯ ಕುಸ್ತಿ ಕಣದ ಸುತ್ತ ಕೇಳುವ ಮಾತು ಇದು. ಮಾತು ಅರ್ಧ ಖರೆ. ಕುಸ್ತಿ ಮುಟ್ಟದೆ ಆಡುವ ಆಟವಲ್ಲ. ಎದೆಗೆ ಎದೆ ಹಚ್ಚಬೇಕು, ಬೆವರಿಗೆ ಬೆವರು ಕೂಡಬೇಕು. ಮಡಿ ಉಟ್ಟುಕೊಂಡು ಇನ್ನೊಬ್ಬನನ್ನು ಚಿತ್ ಮಾಡಿದ ಪೈಲ್ವಾನ ಇನ್ನೂ ಹುಟ್ಟಿಲ್ಲ. ಅಸ್ಪೃಶ್ಯತೆಯ ಬೆನ್ನು ಮಣ್ಣಿಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಆಟ ಯಾವುದಿದೆ? ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 50 ಮೀಸಲಿಟ್ಟರು. ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದವರೂ ಅವರೇ. ನಮ್ಮವರಿಗೆ ಮೈದಾನ ನೆನಪಿದೆ, ಮೀಸಲಾತಿ ಮರೆತಿದೆ.

ಇನ್ನರ್ಧ ಸುಳ್ಳು ಯಾವುದು? ಹಲಗಿ ಬಾರಿಸುವವ ಎಲ್ಲಿ ನಿಂತಿದ್ದಾನೆ, ನೋಡಿರಿ. ಕಣದ ಹೊರಗೆ. ಅವನ ಹಲಗಿಯ ಸಪ್ಪಳಕ್ಕೆ ಒಳಗಿನವರು ತೊಡೆ ತಟ್ಟುತ್ತಾರೆ. ಅವನ ಮಗ ಯಾಕೆ ಒಳಗಿಲ್ಲ? ಕೇಳಿದರೆ "ನಿನ್ನ ಜಾತಿ ನಡಿಯಂಗಿಲ್ಲ" ಎಂದು ಈಗ ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟು ಶಾಣ್ಯಾ ಆಗಿದ್ದಾರೆ. "ಮೈಯಾಗ ತೂಕ ಇಲ್ಲಲೇ ತಮ್ಮಾ" ಅನ್ನುತ್ತಾರೆ. ಗರಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಜಾತಿ ಈಗ ತಾಟಿನೊಳಗೆ ಹೋಗಿ ಕೂತಿದೆ.

ತೂಕ ಎಲ್ಲಿಂದ ಬರುತ್ತದೆ? ದಂಡ, ಬೈಠಕ್, ಕಲ್ಲು ಎತ್ತುವುದು, ಇವೆಲ್ಲ ಸ್ನಾಯುವನ್ನು ದಣಿಸುತ್ತವೆ. ಅದು ಬೆಳೆಯುವುದು ಉಂಡು ಮಲಗಿದಾಗ. ಮೈ ಕಟ್ಟುವವನಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನು ಬೇಕು. 60 ಕಿಲೋದ ಹುಡುಗನಿಗೆ 90 ಗ್ರಾಂ ಆಯಿತು. ಒಂದು ತತ್ತಿಯಲ್ಲಿ ಇರುವುದು 6 ಗ್ರಾಂ. ಹಾಲು, ತುಪ್ಪ, ಬದಾಮಿಯ ಖುರಾಕು ಹೊಲ ಇದ್ದವರ, ಹೈನು ಇದ್ದವರ ಲೆಕ್ಕ. ಗರಡಿಯ ಮಟ್ಟಿಗೆ ಮಜ್ಜಿಗೆ, ಎಣ್ಣೆ, ಲಿಂಬೆ, ಅರಿಸಿನ ಹಾಕಿ ಹದ ಮಾಡುತ್ತಾರೆ. ಮಣ್ಣಿಗೂ ಖುರಾಕು ಉಂಟು! ಕೇರಿಯ ಹುಡುಗನಿಗೆ ಮಾತ್ರ ಖಾರ-ರೊಟ್ಟಿ.

"ದುಡಿಯೋ ಮೈಗೆ ಸಾಮು ಯಾಕ ಬೇಕು? ಚೀಲ ಹೊರೋದ ಸಾಮು" ಎನ್ನುವ ಜಾಣರೂ ಇದ್ದಾರೆ. ಅಲ್ಲ ಸ್ವಾಮಿ. ಸಾಮಿನಲ್ಲಿ ಭಾರ ಮೈ ತಡೆದಷ್ಟೇ ಮೆಲ್ಲಗೆ ಏರುತ್ತದೆ, ನಡುವೆ ವಿಶ್ರಾಂತಿ ಇರುತ್ತದೆ. ಹಮಾಲಿಯಲ್ಲಿ ಭಾರ ಲಾರಿಯ ಲೆಕ್ಕದಲ್ಲಿ ಬರುತ್ತದೆ, ವಿಶ್ರಾಂತಿ ಪಡೆದರೆ ಪಗಾರ ಹೋಗುತ್ತದೆ. ಒಂದು ಮೈ ಕಟ್ಟುತ್ತದೆ, ಇನ್ನೊಂದು ಮೈ ತಿನ್ನುತ್ತದೆ.

ನಮ್ಮ ಎರೆ ಹೊಲಗಳಲ್ಲಿ ಹೆಸರು, ಕಡಲೆ ಬೆಳೆಯುತ್ತವೆ. ನೂರು ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನು ಇದೆ. ಬಿಡಿಸಿದ ಕೈಗೆ ಕೂಲಿ ಬರುತ್ತದೆ, ಕಾಳು ಬರುವುದಿಲ್ಲ. ಹೆಸರು ಬೆಳೆದವರು ನಾವು, ಹೆಸರು ಮಾಡಿದವರು ಅವರು.

ಬಡವರ ಅಗ್ಗದ ಖುರಾಕು ದನದ ಮಾಂಸ. ಅದಕ್ಕೆ 2021ರಲ್ಲಿ ಕಾನೂನಿನ ಬೀಗ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಬಿಸಿಯೂಟದಲ್ಲಿ ತತ್ತಿ ಬಂದಾಗ ಕೆಲವು ಮಠಾಧೀಶರು ಗದ್ದಲ ಎಬ್ಬಿಸಿದರು. ಬೇಡ ಎಂದವರಿಗೆ ಬಾಳೆಹಣ್ಣು ಇತ್ತು. ಆದರೂ ಬೇರೆಯವರ ಮಕ್ಕಳ ತಾಟಿನಲ್ಲಿ ತತ್ತಿ ಕಂಡು ಅವರ ಧರ್ಮ ನಡುಗಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ: ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, 33 ಮಕ್ಕಳಿಗೆ ತಕ್ಕ ತೂಕವಿಲ್ಲ. ಕಣಕ್ಕೆ ಇಳಿಯುವ ಮೊದಲೇ, ತೊಟ್ಟಿಲಲ್ಲೇ ಚಿತ್ ಆದ ಪೈಲ್ವಾನರು ಇವರು!

ಸಣ್ಣ ಮೈ ಸೋಲಲೇಬೇಕು ಅಂತೇನಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವ 57 ಕಿಲೋ ವರ್ಗದವರು. ಅಲ್ಲಿ ಜೋಡಿ ಹಚ್ಚಿದ್ದು ತಕ್ಕಡಿ, ಊರ ಹಿರಿಯರ ಕಣ್ಣಲ್ಲ. ತಕ್ಕಡಿ ನಿನ್ನ ಕೇರಿ ಯಾವುದು ಎಂದು ಕೇಳುವುದಿಲ್ಲ. ಆದರೆ ತಕ್ಕಡಿಯ ಹೆಸರಲ್ಲಿ ಹುಡುಗರ ಅನ್ನ, ನೀರು ಬಿಡಿಸಿ ತೂಕ ಇಳಿಸುವುದೂ ಹಿಂಸೆಯೇ. 2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಮೈ ದಂಡಿಸಿದರೂ ನೂರು ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡರು. ಉಪವಾಸವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಗೆಳೆಯರೇ, ಹಳ್ಳಿ ಶಾಲೆಯ ಮಾಸ್ತರರೇ, ಅಕ್ಕೋರೇ, ದಯೆ ಬೇಡುವುದು ಸಾಕು. ಸರ್ಕಾರದ ರೊಕ್ಕದಲ್ಲಿ ಕಟ್ಟಿದ ಗರಡಿ ಯಾರಪ್ಪನ ಆಸ್ತಿಯೂ ಅಲ್ಲ. ಅದರ ಕೀಲಿ ಪಂಚಾಯತಿಯಲ್ಲಿರಲಿ. ಜಾತ್ರೆಯ ಕಮಿಟಿ ಗೆದ್ದವನಿಗೆ ಬೆಳ್ಳಿ ಕಡಗ ಕೊಡುವ ಮೊದಲು ಕಲಿಯುವವನಿಗೆ ವರ್ಷದ ಖುರಾಕು ಕೊಡಲಿ. ಪ್ರತಿ ಕಣದಲ್ಲೂ ತಕ್ಕಡಿ ಇರಲಿ. ನೀವು ತಿಂಗಳಿಗೊಮ್ಮೆ ಮಕ್ಕಳ ತೂಕ ಬರೆದಿಡಿರಿ. ಕೇರಿಯ ಮಕ್ಕಳ ತೂಕ ಎಷ್ಟು, ಊರಿನ ಮಕ್ಕಳದ್ದು ಎಷ್ಟು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿರಿ.

ಜಾತಿ ಇಲ್ಲ ಎನ್ನುವವರು ಆ ಪಟ್ಟಿಗೆ ಉತ್ತರ ಕೊಡಲಿ.