ಬನಶಂಕರಿ ಜಾತ್ರೆ: ಫಳಾರಕ್ಕೆ ಗಿರಾಕಿ ಅದಾರ, ಜಾಗ ಎಲ್ಲಿ?

ಬಾದಾಮಿ: ಬನದ ಹುಣ್ಣಿಮೆ ಈ ಸಲ ಜನವರಿ 3ಕ್ಕೇ ಬಂದು ಹೋಯ್ತು. ತೇರು ಎಳೆದಾಯ್ತು, ಉತ್ತತ್ತಿ-ಬಾಳೆಹಣ್ಣು ಎಸೆದಾಯ್ತು. ಇನ್ನು ಉಳಿದಿರೋದು ಅಂಗಡಿಕಾರರ ಲೆಕ್ಕ. ಹಾಕಿದ ದುಡ್ಡು ಬಂತೋ ಇಲ್ಲವೋ, ಮುಂದಿನ ವರ್ಷ ಅಂಗಡಿ ಹಚ್ಚೋದೋ ಬ್ಯಾಡೋ ಅನ್ನೋ ಮಾತು ಚೊಳಚಗುಡ್ಡದಿಂದ ಬಾದಾಮಿ ಬಸ್ ಸ್ಟ್ಯಾಂಡ್ ತನಕ ಪ್ರತಿ ವರ್ಷ ಇದೇ ಹೊತ್ತಿಗೆ ಶುರು ಆಗ್ತದೆ.

ಈ ಮಾತಿನಲ್ಲಿ ಒಂದು ವಿಚಿತ್ರ ಐತಿ. ಮೊಬೈಲ್ ತೆರೆದರೆ ಜಾತ್ರೆಯ ರೀಲ್ಸ್‌ಗಳಲ್ಲಿ ಬೆಂಡು-ಬತ್ತಾಸು, ಗಿರ್ಮಿಟ್, ಸಂಗ್ರಾಣಿ ಕಲ್ಲು, ಬಗರಿ, ನಾಟಕದ ಡೇರೆ ಇವೇ ಕಾಣ್ತಾವೆ. ಹಳೇ ಜಾತ್ರೆ ಬೇಕು ಅನ್ನೋರು ಎಲ್ಲಾ ಕಡೆ ಅದಾರ. ಆದರೆ ಜಾತ್ರೆಯ ಬಯಲಿನಲ್ಲಿ ಹಳೇ ತಿಂಡಿಗೂ ಹಳೇ ಆಟಕ್ಕೂ ಜಾಗ ವರ್ಷದಿಂದ ವರ್ಷಕ್ಕೆ ಸಣ್ಣದಾಗ್ತಿದೆ. ಜನರಿಗೆ ಬೇಕಾಗಿರೋದು ಜಾತ್ರೆಯಲ್ಲೇ ಯಾಕೆ ಸಿಗ್ತಿಲ್ಲ? ಇದಕ್ಕೆ ಉತ್ತರ ಜನರ ರುಚಿಯಲ್ಲಿ ಇಲ್ಲ, ಜಾಗದ ಬಾಡಿಗೆಯಲ್ಲಿ ಐತಿ.

ಫಳಾರ ಅಂದ್ರೆ ಬರೀ ತಿಂಡಿ ಅಲ್ಲ

ಚುರುಮುರಿ, ಪುಟಾಣಿ, ಬೆಂಡು, ಬತ್ತಾಸು, ಉತ್ತತ್ತಿ, ಒಂದಿಷ್ಟು ಖಾರ ಶೇವು. ಇಷ್ಟು ಕೂಡಿದರೆ ಜಾತ್ರೆ ಫಳಾರ. ಇದನ್ನು ಜಾತ್ರೆಯಲ್ಲಿ ನಿಂತು ತಿನ್ನೋರು ಕಡಿಮೆ. ಕಟ್ಟಿಸಿಕೊಂಡು ಊರಿಗೆ ಒಯ್ಯೋದೇ ಪದ್ಧತಿ. ಮನೆಗೆ ಹೋದ ಮೇಲೆ ಓಣಿಯ ಪ್ರತಿ ಮನೆಗೆ ಒಂದೊಂದು ಹಿಡಿ ಹಂಚಬೇಕು. ಜಾತ್ರೆಗೆ ಬರಲಾಗದ ಮುದುಕರು, ಬಾಣಂತಿಯರು, ಹೊಲ ಬಿಟ್ಟು ಬರದವರು ಎಲ್ಲರಿಗೂ ಆ ಒಂದು ಹಿಡಿ ಫಳಾರವೇ ಜಾತ್ರೆ.

ಇದಕ್ಕೆ ತಕ್ಕ ಹಾಗೇ ಈ ತಿಂಡಿಗಳು ತಯಾರಾಗಿದ್ದು. ಎಲ್ಲಾ ಒಣ ಪದಾರ್ಥ. ಬತ್ತಾಸು ಅಂದ್ರೆ ಗಟ್ಟಿ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಟ್ಟು ಉಬ್ಬಿಸಿ ಆರಿಸಿದ್ದು. ಬೆಂಡಿಗೂ ಸಕ್ಕರೆ ಪಾಕದ ಹೊದಿಕೆ. ಚುರುಮುರಿ ಹುರಿದು ಅರಳಿಸಿದ್ದು. ಗಾಳಿ-ನೀರು ತಾಗದಂತೆ ಕಟ್ಟಿಟ್ಟರೆ ದಿನಗಟ್ಟಲೆ ಕೆಡೋದಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ, ಚಕ್ಕಡಿಯಲ್ಲಿ ಎರಡು ದಿನ ಹಾದಿ ನಡೆಯುವವರಿಗೆ ಇದಕ್ಕಿಂತ ಒಳ್ಳೇ ಕಟ್ಟು ಬೇರೆ ಇರಲಿಲ್ಲ.

ಈಗ ಹಂಚೋ ಪದ್ಧತಿ ಕಡಿಮೆ ಆಗಿದೆ. ಮೊದಲು ಎರಡು ಕಿಲೋ ಕಟ್ಟಿಸುತ್ತಿದ್ದ ಮನೆಯವರು ಈಗ ಕಾಲು ಕಿಲೋದ ಪಾಕೀಟು ಒಂದು ಸಾಕು ಅಂತಾರೆ. ಅಂಗಡಿ ಮುಂದೆ ನಿಂತವರ ಸಂಖ್ಯೆ ಅಷ್ಟೇ ಇದ್ದರೂ ತೂಕ ಮಾತ್ರ ಇಳಿದಿದೆ. ಹಾಗಾಗಿ ಗಿರಾಕಿ ಇದ್ದರೂ ಫಳಾರದವರ ಕೈಯಲ್ಲಿ ಲಾಭ ಕಾಣೋದಿಲ್ಲ.

ಲೆಕ್ಕ ಹಾಕಿ ನೋಡಿ

ಜಾತ್ರೆಯಲ್ಲಿ ಜಾಗ ಕೊಡೋ ಪದ್ಧತಿ ಒಂದೊಂದು ಊರಿಗೆ ಒಂದೊಂದು. ಕೆಲವು ಕಡೆ ಪಂಚಾಯ್ತಿ, ಕೆಲವು ಕಡೆ ದೇವಸ್ಥಾನದ ಸಮಿತಿ, ಕೆಲವು ಕಡೆ ಹೊಲದ ಮಾಲೀಕರೇ ಕೊಡ್ತಾರೆ. ಎಲ್ಲಿ ಆದರೂ ತತ್ವ ಒಂದೇ: ಫೂಟಿಗೆ ಇಷ್ಟು, ಮುಂದಿನ ಸಾಲಿಗೆ ಜಾಸ್ತಿ, ಹೆಚ್ಚು ಕೊಟ್ಟವರಿಗೆ ಮೊದಲು.

ಒಂದು ಉದಾಹರಣೆ ಹಿಡಿಯೋಣ. ಇದು ಯಾವ ಜಾತ್ರೆಯ ಅಸಲಿ ರೇಟೂ ಅಲ್ಲ, ತಿಳಿಯಲಿ ಅಂತ ಹಿಡಿದ ಲೆಕ್ಕ. ಹತ್ತು ಫೂಟಿನ ಜಾಗಕ್ಕೆ 15 ದಿನಕ್ಕೆ 20,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ. ಫಳಾರದ ಪಾಕೀಟಿಗೆ 50 ರೂಪಾಯಿ, ಅದರಲ್ಲಿ ಉಳಿಯೋದು 12 ರೂಪಾಯಿ. ಬರೀ ಬಾಡಿಗೆ ತೀರಿಸೋಕೆ ದಿನಕ್ಕೆ 112 ಪಾಕೀಟು ಹೋಗಬೇಕು. ಪಕ್ಕದಲ್ಲೇ ಗೋಬಿ ಮಂಚೂರಿ ಅಂಗಡಿ. ಪ್ಲೇಟಿಗೆ ಅದೇ 50 ರೂಪಾಯಿ, ಉಳಿಯೋದು 25. ಅವರಿಗೆ ದಿನಕ್ಕೆ 54 ಪ್ಲೇಟ್ ಹೋದರೆ ಬಾಡಿಗೆ ಬಂತು.

ಇನ್ನೊಂದು ವ್ಯತ್ಯಾಸ ಸಮಯದ್ದು. ಗೋಬಿಗೆ ದಿನಾ ಸಂಜೆ ಗಿರಾಕಿ ಬರ್ತಾರೆ. ಫಳಾರಕ್ಕೆ ಮುಖ್ಯ ವ್ಯಾಪಾರ ತೇರಿನ ದಿನ ಮತ್ತು ಅದರ ಹಿಂದೆಮುಂದೆ ಎರಡು ದಿನ. ಉಳಿದ ದಿನ ನೊಣ ಹೊಡೀಬೇಕು. ಆದರೆ ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ. ಹಿಂಗಾದ ಮೇಲೆ ಮುಂದಿನ ಸಾಲು ಯಾರಿಗೆ ಸಿಗ್ತದೆ ಅಂತ ಹೇಳಬೇಕಿಲ್ಲ.

ಇದಕ್ಕೆ ಗೋಬಿಯವರನ್ನು ಬೈದು ಉಪಯೋಗ ಇಲ್ಲ. ಅವರೂ ಸಾಲ ಮಾಡಿ ಗಾಡಿ ಹಚ್ಚಿದವರೇ. ಎಲ್ಲಾ ಥರದ ವ್ಯಾಪಾರಕ್ಕೂ ಒಂದೇ ಅಳತೆಗೋಲು ಹಿಡಿದದ್ದು ತಪ್ಪು.

ಬನಶಂಕರಿಯಲ್ಲೇ ಇದಕ್ಕೆ ಉಲ್ಟಾ ಉದಾಹರಣೆ ಸಿಗ್ತದೆ. ಗುಡಿಯ ಹತ್ತಿರ, ಹೊಂಡದ ಕಡೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಮಕ್ಕಳು ಜೋಳದ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಗಡಿಗೆಯ ಗಟ್ಟಿ ಮೊಸರು ಮಾರ್ತಾರೆ. ಜಾತ್ರೆ ಇರಲಿ ಬಿಡಲಿ, ಬಂದ ಭಕ್ತರು ಹುಡುಕಿಕೊಂಡು ಹೋಗಿ ಉಣ್ತಾರೆ. ಈ ಊಟ ಇವತ್ತಿಗೂ ಉಳಿದಿರೋದಕ್ಕೆ ರುಚಿ ಒಂದು ಕಾರಣ. ಇನ್ನೊಂದು ಕಾರಣ, ಬುಟ್ಟಿಗೆ ಹತ್ತು ಫೂಟು ಜಾಗ ಬೇಕಿಲ್ಲ, ಶೆಡ್ಡು ಬೇಕಿಲ್ಲ, ಲೈಟಿನ ಬಿಲ್ಲೂ ಇಲ್ಲ. ಖರ್ಚು ಕಡಿಮೆ ಇದ್ದ ಕಡೆ ಹಳೇದು ತಾನಾಗೇ ಉಳೀತದೆ.

ಬಣ್ಣದ ಮಾತು

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧ ಮಾಡಿತು. ಆವಾಗ ಆರೋಗ್ಯ ಇಲಾಖೆ ಕೊಟ್ಟ ಲೆಕ್ಕ ಹೀಗಿತ್ತು: 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತ ಅಲ್ಲ, 25 ಬೊಂಬಾಯಿ ಮಿಠಾಯಿ ಮಾದರಿಗಳಲ್ಲಿ 15ರಲ್ಲಿ ಬಣ್ಣ ಸಿಕ್ಕಿತ್ತು. ಅದರಲ್ಲಿ ಭಯ ಹುಟ್ಟಿಸಿದ್ದು ರೋಡಮೈನ್-ಬಿ. ಅದು ಬಟ್ಟೆಗೆ ಹಾಕೋ ಬಣ್ಣ, ಹೊಟ್ಟೆಗೆ ಹಾಕೋದಲ್ಲ. ನಿಯಮ ಮುರಿದರೆ 7 ವರ್ಷದಿಂದ ಜೀವಾವಧಿ ತನಕ ಜೈಲು, 10 ಲಕ್ಷದ ತನಕ ದಂಡ ಅಂತಲೂ ಸರ್ಕಾರ ಹೇಳಿತು.

ಹಳೇ ತಿಂಡಿಯವರಿಗೆ ಇದು ಒಂದು ಅವಕಾಶ. ಚುರುಮುರಿಗೆ ಬಣ್ಣ ಬೇಕಿಲ್ಲ, ಬಿಳಿ ಬತ್ತಾಸಿಗೂ ಬೇಕಿಲ್ಲ. ಅಮೀನಗಡದ ಕರದಂಟು ಅಂಟು, ಬೆಲ್ಲ, ಒಣಕೊಬ್ಬರಿಯ ಬಣ್ಣದಲ್ಲೇ ಹೋಗ್ತದೆ. ‘ನಮ್ಮದು ಬಣ್ಣ ಹಾಕದ ಫಳಾರ’ ಅಂತ ಒಂದು ಬೋರ್ಡ್ ಹಚ್ಚಿದರೆ ಮಕ್ಕಳ ಕೈ ಹಿಡಿದು ಬಂದ ತಾಯಂದಿರು ಖಂಡಿತ ನಿಲ್ತಾರೆ.

ಆದರೆ ಆ ಬೋರ್ಡ್ ಹಚ್ಚೋಕೆ ಮೊದಲು ತಮ್ಮ ಡಬ್ಬಿ ತಾವೇ ನೋಡಿಕೊಳ್ಳಬೇಕು. ಗುಲಾಬಿ ಬೆಂಡು, ಹಸಿರು ಬತ್ತಾಸು, ಕಣ್ಣು ಕುಕ್ಕುವ ಕೇಸರಿ ಜಿಲೇಬಿ ಇವು ಹಳೇ ತಿಂಡಿ ಅನ್ನೋ ಕಾರಣಕ್ಕೆ ಯಾರೂ ಬಿಡೋದಿಲ್ಲ. ಹೋಲ್‌ಸೇಲ್‌ನಲ್ಲಿ ತಂದ ಮಾಲಿಗೆ ಬಣ್ಣ ಯಾರೇ ಹಾಕಿರಲಿ, ಅಧಿಕಾರಿ ಬಂದು ಮಾದರಿ ಎತ್ತೋದು ಮಾರುವವನ ಅಂಗಡಿಯಿಂದಲೇ. ಬಿಳಿ ಮಾಲು ಮಾತ್ರ ತರಿಸೋದು, ಬಿಲ್ ಇಟ್ಟುಕೊಳ್ಳೋದು ಒಳ್ಳೇದು.

ಇದರ ಜೊತೆಗೆ ಫೋನ್‌ಪೇ ಭಯ ಒಂದು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಮೇಲೆ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಮಾಯ ಆದವು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಜಾತ್ರೆಯಿಂದ ಜಾತ್ರೆಗೆ ತಿರುಗೋ ಫಳಾರದವರ ವ್ಯಾಪಾರ ಅದರ ಹತ್ತಿರಕ್ಕೂ ಹೋಗೋದು ಕಷ್ಟ. ಹೊರಗಿನಿಂದ ಬಂದ ಹುಡುಗರ ಕಿಸೆಯಲ್ಲಿ ನೋಟೇ ಇರೋದಿಲ್ಲ. ಭಯಕ್ಕೆ ಸ್ಟಿಕ್ಕರ್ ತೆಗೆದರೆ ಗಿರಾಕಿಯನ್ನೇ ಕಳಿಸಿದಂಗೆ.

ಆಟ ಆಡ್ಸೋರು ಯಾರು?

ಬಾದಾಮಿ ಸೀಮೆಯಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯೋಕೆ ಹೋದವರು ಜಾತ್ರೆಗೆ ತಪ್ಪದೆ ಬರ್ತಾರೆ. ಅವರ ಮಕ್ಕಳಿಗೆ ಚಿಣಿಪಣಿ ಗೊತ್ತಿಲ್ಲ, ಬಗರಿಗೆ ಹಗ್ಗ ಸುತ್ತೋದು ಗೊತ್ತಿಲ್ಲ. ಆದರೆ ನೋಡಿದ ಕೂಡಲೇ ಆಡಬೇಕು ಅಂತಾರೆ. ಸಂಗ್ರಾಣಿ ಕಲ್ಲು ಕಂಡರೆ ಹುಡುಗರು ಮೊದಲು ಸೆಲ್ಫಿ ತೆಗೀತಾರೆ, ಆಮೇಲೆ ‘ಒಂದ್ ಕೈ ನೋಡೇ ಬಿಡೋಣ’ ಅಂತ ಬಗ್ತಾರೆ.

ಅಲ್ಲೇ ಅಪಾಯ. ಸಂಗ್ರಾಣಿ ಕಲ್ಲು ಜಿಮ್ಮಿನ ಡಂಬೆಲ್ ಅಲ್ಲ. ಕಾಲು ಮಡಿಸಿ ಕೂತು, ಮೊದಲು ತೊಡೆಗೆ, ಆಮೇಲೆ ಎದೆಗೆ, ಅಲ್ಲಿಂದ ಹೆಗಲಿಗೆ, ಹಂತ ಹಂತವಾಗಿ ಏರಿಸಿ ಹಿಂದಕ್ಕೆ ಒಗೀಬೇಕು. ಗರಡಿ ಮನೆಯವರು ಇದನ್ನು ವರ್ಷಗಟ್ಟಲೆ ಕಲೀತಾರೆ. ಬೆನ್ನು ಬಗ್ಗಿಸಿ ಒಮ್ಮೆಲೇ ಎತ್ತೋಕೆ ಹೋದರೆ ಜಾತ್ರೆಯಿಂದ ಸೀದಾ ದವಾಖಾನೆ. ಪಕ್ಕದಲ್ಲಿ ನಿಂತು ಹೇಳಿಕೊಡೋ ಒಬ್ಬ ಪೈಲ್ವಾನ್ ಇದ್ದರೆ ಇದೇ ಆಟ ಹತ್ತು ಹುಡುಗರನ್ನು ಗರಡಿಗೆ ತರ್ತದೆ.

ಆದರೆ ಆ ಪೈಲ್ವಾನನ್ನು ನಿಲ್ಲಿಸೋರು ಯಾರು? ಜೋಕಾಲಿ ತೊಟ್ಟಿಲಿಗೆ ಮಾಲೀಕ ಇದ್ದಾನೆ, ಟಿಕೆಟ್ ಇದೆ, ಅದಕ್ಕೆ ಜಾಗ ಹಿಡೀತಾನೆ. ಬಗರಿ, ಲಗೋರಿ, ಚಿಣಿಪಣಿಗೆ ಮಾಲೀಕ ಇಲ್ಲ. ಬಾಡಿಗೆ ಕೊಡೋರಿಲ್ಲದ ಆಟಕ್ಕೆ ಬಯಲಿನಲ್ಲಿ ಜಾಗವೂ ಇಲ್ಲ.

ಈ ಮಾತು ಸುಳ್ಳಲ್ಲ ಅನ್ನೋದಕ್ಕೆ ನಾಟಕಗಳೇ ಸಾಕ್ಷಿ. ಟಿವಿ ಬಂತು, ಮೊಬೈಲ್ ಬಂತು, ಆದರೂ ಬನಶಂಕರಿಯಲ್ಲಿ ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕೋದು ನಿಂತಿಲ್ಲ. ತೇರು ಮುಗಿದ ಮೇಲೂ ವಾರಗಟ್ಟಲೆ ಶೋ ನಡೀತಾವೆ. ವರ್ಷದ ಗಳಿಕೆಯನ್ನು ಈ ಒಂದು ಜಾತ್ರೆಯ ಮೇಲೆ ಲೆಕ್ಕ ಹಾಕೋ ಕಂಪನಿಗಳೂ ಅದಾವ. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿ ಬರೆದ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಯ್ತು. ಅಂಥ ಪರಂಪರೆ ಇರೋ ಜಿಲ್ಲೆ ಇದು. ನಾಟಕ ಉಳಿದದ್ದು ಜನರ ಪ್ರೀತಿಯಿಂದ ಹೌದು. ಜೊತೆಗೆ ಅದಕ್ಕೆ ಒಂದು ಕಂಪನಿ, ಒಂದು ಡೇರೆ, ಒಂದು ಗೇಟು ಇದ್ದಿದ್ದರಿಂದಲೂ ಹೌದು.

ಎತ್ತಿನ ಆಟಗಳದ್ದೂ ಇದೇ ಕಥೆ. 2017ರಲ್ಲಿ ರಾಜ್ಯ ಸರ್ಕಾರ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅಂತ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು. ಆ ಆಟಗಳಿಗೆ ಸಂಘಟನೆ ಇತ್ತು, ಕೋರ್ಟಿನ ತನಕ ಹೋಗೋ ಜನ ಇದ್ದರು. ಬಗರಿಗೆ ಕೋರ್ಟ್ ಬೇಕಿಲ್ಲ, ಅರ್ಧ ಎಕರೆ ಬಯಲು ಸಾಕು. ಅದನ್ನು ಕೇಳೋರು ಇಲ್ಲ ಅಷ್ಟೇ.

ಕೇಳುವಾಗ ಒಂದು ಮಾತು ನೆನಪಿರಲಿ. ಹಳೇ ಜಾತ್ರೆ ಆಟಗಳಲ್ಲಿ ಹೆಣ್ಮಕ್ಕಳು ಹೆಚ್ಚಾಗಿ ನೋಡೋರಾಗಿ ಉಳಿದಿದ್ದರು. ಹಳೇದನ್ನು ತರೋ ಹೆಸರಲ್ಲಿ ಅದನ್ನೂ ತರೋದು ಬ್ಯಾಡ. ಲಗೋರಿ, ಹಗ್ಗ ಜಗ್ಗಾಟ, ಬಗರಿಗೆ ಅವರಿಗೂ ಒಂದು ಅಂಕಣ ಹಾಕಿದರೆ ಬಯಲು ಎರಡು ಪಟ್ಟು ತುಂಬ್ತದೆ.

ಮುಂದಿನ ವರ್ಷ ಟೈಮ್ ಐತಿ

ಈ ಸಲ ಹುಣ್ಣಿಮೆ ಬೇಗ ಬಂದಿದ್ದೂ ವ್ಯಾಪಾರಕ್ಕೆ ಪೆಟ್ಟು. ಜನವರಿ 3ರ ಹೊತ್ತಿಗೆ ಎಷ್ಟೋ ಹೊಲಗಳಲ್ಲಿ ತೊಗರಿ ಇನ್ನೂ ರಾಶಿ ಆಗಿರೋದಿಲ್ಲ. ರೈತರ ಕೈಗೆ ದುಡ್ಡು ಬರೋಕೆ ಮೊದಲೇ ಜಾತ್ರೆ ಬಂದರೆ ಎರಡು ಕಿಲೋ ಫಳಾರ ಕಾಲು ಕಿಲೋ ಆಗದೆ ಏನಾದೀತು? ಹೋದ ವರ್ಷ ತೇರು ಜನವರಿ 13ಕ್ಕೆ ಇತ್ತು. ಈ ವರ್ಷ ಅಧಿಕ ಮಾಸ ಬರೋದರಿಂದ 2027ರಲ್ಲಿ ಬನದ ಹುಣ್ಣಿಮೆ ಜನವರಿ 22ಕ್ಕೆ ಬೀಳ್ತದೆ. ಸಂಕ್ರಾಂತಿ ಮುಗಿದಿರ್ತದೆ, ರಾಶಿ ದುಡ್ಡು ಒಂದಿಷ್ಟು ಕೈಗೆ ಬಂದಿರ್ತದೆ. ಅಂಗಡಿಕಾರರು ಮಾಲು ತರಿಸುವಾಗ ಈ 19 ದಿನದ ವ್ಯತ್ಯಾಸ ಲೆಕ್ಕದಲ್ಲಿ ಇಟ್ಟುಕೊಳ್ಳೋದು ಒಳ್ಳೇದು.

ಅಷ್ಟರೊಳಗೆ ಆಗಬೇಕಾದ ಕೆಲಸ ಮೂರು, ಯಾವುದಕ್ಕೂ ದೊಡ್ಡ ದುಡ್ಡು ಬೇಕಿಲ್ಲ.

ಮೊದಲನೇದು, ಫಳಾರಕ್ಕೆ ಬೇರೆ ಸಾಲು, ಬೇರೆ ಬಾಡಿಗೆ. ಅದೂ ಗುಡಿ ಮುಂದೆ ಅಲ್ಲ, ಜನ ವಾಪಸ್ ಬಸ್ ಹತ್ತೋ ದಾರಿಯಲ್ಲಿ. ಫಳಾರ ಕೊಳ್ಳೋದು ಮನೆಗೆ ಹೊರಟಾಗ. ಅಲ್ಲಿ ಜಾಗ ಕೊಟ್ಟರೆ ಮುಂದಿನ ಸಾಲಿನ ಜಗಳವೂ ಇರೋದಿಲ್ಲ. ಬೇಕಾದರೆ 15 ದಿನದ ಬದಲು ಐದು ದಿನದ ಬಾಡಿಗೆ ತಗೊಳ್ಳಲಿ.

ಎರಡನೇದು, ಬಯಲಿನಲ್ಲಿ ಒಂದು ತುಂಡು ಜಾಗ ಆಟಕ್ಕೆ ಅಂತ ಬಿಡೋದು, ಗರಡಿಯವರಿಗೆ, ಯುವಕ ಸಂಘಗಳಿಗೆ ದಿನದ ಪಾಳಿ ಹಂಚೋದು. ಕಲ್ಲು ಎತ್ತಿಸುವವರಿಗೆ ಊಟ, ದಿನಗೂಲಿ ಕೊಟ್ಟರೂ ಸಾಕು.

ಮೂರನೇದು, ಜಾತ್ರೆಗೆ ಒಂದು ತಿಂಗಳು ಮೊದಲೇ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕರೆಸಿ ತಿಂಡಿ ವ್ಯಾಪಾರಿಗಳಿಗೆಲ್ಲ ಯಾವ ಬಣ್ಣ ನಡೀತದೆ, ಯಾವುದು ನಡೆಯೋದಿಲ್ಲ ಅಂತ ತಿಳಿಸಿ ಹೇಳಿಸೋದು. ಜಾತ್ರೆ ನಡುವೆ ಬಂದು ಮಾಲು ಎತ್ತೋದಕ್ಕಿಂತ ಇದು ಎಲ್ಲರಿಗೂ ಸಲೀಸು.

ಇದನ್ನೆಲ್ಲಾ ಡಿಸೆಂಬರ್‌ನಲ್ಲಿ ಜಾಗ ಅಳೆಯೋಕೆ ಟೇಪ್ ಹಿಡಿದು ಬಂದ ಮೇಲೆ ಕೇಳಿದರೆ ಆಗೋದಿಲ್ಲ. ಬಾಡಿಗೆ ಎಷ್ಟು, ಯಾವ ಸಾಲು ಯಾರಿಗೆ ಅನ್ನೋದು ಅಷ್ಟರಲ್ಲಿ ತೀರ್ಮಾನ ಆಗಿರ್ತದೆ. ಗ್ರಾಮಸಭೆ ಅದಕ್ಕೆ ಮೊದಲೇ ನಡೀತದೆ. ಫಳಾರದವರು ಹತ್ತು ಮಂದಿ ಕೂಡಿ ಒಂದು ಅರ್ಜಿ ಬರೆದು ಅಲ್ಲಿ ಕೊಟ್ಟರೆ ಮಾತು ದಾಖಲೆಗೆ ಹೋಗ್ತದೆ. ಕೊಡದಿದ್ದರೆ ಮುಂದಿನ ವರ್ಷವೂ ಬೆಂಡು-ಬತ್ತಾಸು ರೀಲ್ಸ್‌ನಲ್ಲಿ ಮುಂದಿನ ಸಾಲು, ಜಾತ್ರೆಯಲ್ಲಿ ಹಿಂದಿನ ಸಾಲು.