ಹತ್ತು ತಿಂಗಳ ಅಡ್ವಾನ್ಸ್: ನಮ್ಮ ಕಾಲಿಗೆ ನಾವೇ ಹಾಕಿಕೊಂಡ ಬೇಡಿ

ಬೆಂಗಳೂರಿನ ಸಣ್ಣ ಮನೆ ಮಾಲೀಕರಲ್ಲಿ ಒಂದು ಮನವಿ



ಕೆಳಗೆ ನಾವು, ಮೇಲೆ ಬಾಡಿಗೆಯವರು. ನಿವೃತ್ತಿ ಹಣ, ಒಡವೆ ಸಾಲ, ಬ್ಯಾಂಕ್ ಸಾಲ ಎಲ್ಲ ಒಟ್ಟುಗೂಡಿಸಿ ಎಬ್ಬಿಸಿದ ಮನೆ ನಮ್ಮದು. ಬಾಡಿಗೆ ಬಂದರೆ ಕಂತು ಕಟ್ಟುತ್ತೇವೆ, ಬರದಿದ್ದರೆ ಪರದಾಡುತ್ತೇವೆ. ಬಾಡಿಗೆ ಬಾಕಿ, ಖಾಲಿ ಮಾಡದ ಹಟ, ಟ್ಯಾಂಕರ್ ನೀರಿನ ಜಗಳ, ಒಡೆದ ಸಿಂಕು: ಇವಕ್ಕೆಲ್ಲ ನಾವು ಕಂಡುಕೊಂಡ ಮದ್ದು ಹತ್ತು ತಿಂಗಳ ಅಡ್ವಾನ್ಸ್. ಆ ಮದ್ದೇ ರೋಗವಾಗಿದೆ.

ನನ್ನ ಕಥೆಯನ್ನೇ ಕೇಳಿ. 15,000 ಬಾಡಿಗೆ, 1,50,000 ಅಡ್ವಾನ್ಸ್. ದುಡ್ಡು ಮೇಲಿನ ಮಹಡಿಯ ಮೋಲ್ಡಿಂಗ್‌ಗೆ ಹೋಯಿತು. ಎರಡನೇ ವರ್ಷ ಬಾಡಿಗೆ ನಿಂತಿತು. ಕೇಳಿದರೆ, "ಅಡ್ವಾನ್ಸಲ್ಲಿ ಮುರ್ಕೊಳ್ಳಿ ಸಾರ್." ಖಾಲಿ ಮಾಡಿ ಅಂದರೆ, "ಉಳಿದಿದ್ದು ಕೊಡಿ, ನಾಳೇನೇ ಹೊರಡ್ತೀವಿ." ಕೊಡಲು ನನ್ನ ಕೈಯಲ್ಲಿ ಕಾಸಿರಲಿಲ್ಲ. ಮನೆ ನನ್ನದೇ, ಆದರೆ ಸಾಲಗಾರನೂ ನಾನೇ!

ಅಡ್ವಾನ್ಸ್ ನಮ್ಮ ಗಳಿಕೆಯಲ್ಲ, ತೀರಿಸಬೇಕಾದ ಸಾಲ. ಅದು ಖರ್ಚಾದ ದಿನವೇ ಬಾಡಿಗೆಯವರನ್ನು ಹೊರಡಿಸುವ ಶಕ್ತಿಯೂ ಖರ್ಚಾಗುತ್ತದೆ.

ಲೆಕ್ಕ ಹಾಕೋಣ. ಹತ್ತರ ಬದಲು ಮೂರು ತಿಂಗಳು ತೆಗೆದುಕೊಂಡರೆ ಕೈಬಿಟ್ಟ ಮೊತ್ತ 1,05,000. ಶೇ. 7ರಂತೆ ಅದರ ವರ್ಷದ ಬಡ್ಡಿ 7,350 ರೂಪಾಯಿ. ಒಂದೂವರೆ ಲಕ್ಷ ಹೊಂದಿಸಬಲ್ಲವರನ್ನು ಕಾಯುತ್ತ ಗೇಟಿನಲ್ಲಿ ಟು-ಲೆಟ್ ಬೋರ್ಡ್ ಹದಿನೈದು ದಿನ ತೂಗಿದರೆ ನಷ್ಟ 7,500!

"ಮತ್ತೆ ನಮಗೆ ರಕ್ಷಣೆ?" ಅಂತೀರಿ. ರಕ್ಷಣೆ ಇರುವುದು ಕಾಗದದಲ್ಲಿ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ಮೀರಿದ ವಾಸದ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ನಮ್ಮ ಬಹುಪಾಲು ಮನೆಗಳಿಗೆ ಆಧಾರ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಾವು ಬರೆಸಿದ ಕರಾರು. ಆ ಕರಾರನ್ನೇ ನಾವು ಟೈಪಿಂಗ್ ಅಂಗಡಿಯಲ್ಲಿ ಹೆಸರು ಬದಲಾಯಿಸಿ, ಓದದೆ ಸಹಿ ಹಾಕುತ್ತೇವೆ.

ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಎನ್ನುತ್ತದೆ. ಜೊತೆಗೆ, ಅವಧಿ ಮುಗಿದರೂ ಬಿಡದವರಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಎನ್ನುತ್ತದೆ. ಅಡ್ವಾನ್ಸ್ ಇಳಿಸಿ, ಷರತ್ತು ಬಿಗಿ ಮಾಡುವ ದಾರಿ ಅದು.

ನಾವು ಮಾಡಬೇಕಾದ್ದು:

1. ಅಡ್ವಾನ್ಸ್ ಮೂರು ತಿಂಗಳು: ಬಾಕಿಗೆ ಎರಡು, ಸುಣ್ಣಬಣ್ಣ-ರಿಪೇರಿಗೆ ಒಂದು. ಅದನ್ನು ಬೇರೆ ಖಾತೆಯಲ್ಲಿಡಿ, ಮುಟ್ಟಬೇಡಿ.

2. ಬಾಡಿಗೆ ಏರಿಕೆ, ನೀರಿನ ಪಾಲು, ಬಣ್ಣದ ಖರ್ಚು, ಅವಧಿ ಮೀರಿ ಉಳಿದರೆ ಬಾಡಿಗೆ ಎಷ್ಟು ಎಂಬುದನ್ನು ಕರಾರಿನಲ್ಲಿ ಬರೆಸಿ. ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.

3. ಬೀಗದ ಕೈ ಕೊಡುವ ದಿನ ಗೋಡೆ, ನಲ್ಲಿ, ಫ್ಯಾನು, ಮೀಟರ್ ಎಲ್ಲದರ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಬಾಡಿಗೆ ಬ್ಯಾಂಕ್ ಮೂಲಕವೇ ಬರಲಿ.

4. ಖಾಲಿ ಮಾಡುವಾಗ ಬಾಡಿಗೆಯವರು ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಗೆ ಜೋಡಿಸಿದ ತಮ್ಮ ಆಧಾರ್ ಬಿಡಿಸಿದ್ದಾರೆಯೇ ನೋಡಿ.

5. ಬಾಕಿ ಬಿದ್ದರೆ ಲಿಖಿತ ನೋಟಿಸ್ ಕೊಡಿ. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ನೀರು ನಿಲ್ಲಿಸುವುದು, ಬೀಗ ಜಡಿಯುವುದು ಬೇಡ. ನ್ಯಾಯ ನಮ್ಮ ಕಡೆಗಿದ್ದರೂ ಕೇಸು ನಮ್ಮ ಮೇಲೆ ಬೀಳುತ್ತದೆ.

"ಹನ್ನೆರಡು ವರ್ಷ ಇದ್ದರೆ ಮನೆ ಅವರದೇ" ಎಂಬ ಮಾತಿಗೆ ಹೆದರಬೇಡಿ. ನಿಮ್ಮ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟು ಇರುವವರಿಗೆ ಆ ಹಕ್ಕು ಹುಟ್ಟುವುದಿಲ್ಲ. ಬಾಡಿಗೆ ಬಂದ ದಾಖಲೆ ಇರಲಿ, ಅಷ್ಟೆ.

ಮುಂದಿನ ಸಲ ಟು-ಲೆಟ್ ಬೋರ್ಡ್ ತೂಗುಹಾಕುವಾಗ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: "ಅಡ್ವಾನ್ಸ್ ಮೂರು ತಿಂಗಳು ಮಾತ್ರ." ಬೋರ್ಡ್ ಎಷ್ಟು ದಿನಕ್ಕೆ ಇಳಿಯುತ್ತದೆ, ನೋಡಿ.

ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ.

ಇಂತಿ,
ನಿಮ್ಮಂತೆಯೇ ಒಬ್ಬ ಸಣ್ಣ ಮನೆ ಮಾಲೀಕ