ಸೈಜ್ ಸರಿಯಿದೆ, ಫೈಲ್ ಸರಿಯಿಲ್ಲ

ಕಾಪಿ ಮಾಡುವಾಗ ಹಸಿರು ಪಟ್ಟಿ ಕೊನೆ ಮುಟ್ಟುತ್ತೆ, ಎರಡೂ ಕಡೆ ಸೈಜ್ ಒಂದೇ ತೋರಿಸುತ್ತೆ, ನಾವು ಮುಂದಿನ ಕೆಲಸಕ್ಕೆ ಹೋಗ್ತೇವೆ. ಆ ಪಟ್ಟಿ ಹೇಳೋದು ಮಾತ್ರ ಇಷ್ಟೇ: ಇಷ್ಟು ಬೈಟ್ ಓದಿದೆ, ಇಷ್ಟು ಬೈಟ್ ಬರೆದೆ. ಓದಿದ್ದೂ ಬರೆದದ್ದೂ ಒಂದೇನಾ ಅಂತ ವಿಂಡೋಸ್‌ನ ಮಾಮೂಲಿ ಕಾಪಿ ತಿರುಗಿ ನೋಡೋದಿಲ್ಲ.

ವೈಟ್‌ಫೀಲ್ಡ್‌ನ ಆಫೀಸಿನಲ್ಲಾದರೆ ಇದರಿಂದ ಒಂದು ಫೋಟೋದ ಮೂಲೆ ಬೂದಿಬಣ್ಣ ಆಗಬಹುದು, ಮತ್ತೆ ಡೌನ್‌ಲೋಡ್ ಮಾಡ್ಕೊಂಡ್ರೆ ಮುಗೀತು. ನಾನು ನೆಟ್‌ವರ್ಕ್ ಸಪೋರ್ಟ್ ಕೆಲಸಕ್ಕೆ ಓಡಾಡೋದು ಪೀಣ್ಯದ ಕಡೆ. ಅಲ್ಲಿ ಸರ್ವರ್‌ನಿಂದ ಹೋಗುವ ಫೈಲ್ ನೇರ ಸಿಎನ್‌ಸಿ ಮಷೀನ್‌ಗೆ ಹೋಗುತ್ತೆ. ಡ್ರಿಲ್ ಎಷ್ಟು ಆಳ ಇಳಿಯಬೇಕು ಅನ್ನೋದು ಅದರಲ್ಲಿ ಬರೀ ಅಕ್ಷರ, ಅಂಕಿ. ಕಂಪ್ಯೂಟರ್ ಅಂಕಿಗಳನ್ನು ಬರೆದಿಡುವ ರೀತಿಯಲ್ಲಿ 2ಕ್ಕೂ 6ಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಬಿಟ್. ಅದು ತಿರುಗಿದರೆ 2 ಮಿಲಿಮೀಟರ್ ಆಳ 6 ಮಿಲಿಮೀಟರ್ ಆಗುತ್ತೆ, ಫೈಲ್ ಸೈಜ್ ಒಂದು ಬೈಟೂ ಬದಲಾಗಲ್ಲ. ಮಷೀನ್‌ಗೆ ಅದು ಸರಿಯಾದ ಪ್ರೋಗ್ರಾಂ. ಅಲಾರಂ ಬಂದ್ರೆ ನಮ್ಮ ಅದೃಷ್ಟ.

ಒಂದು ಶಾಪ್‌ನಲ್ಲಿ ಆಗಿದ್ದೂ ಇದೇ. ಮೊದಮೊದಲು ದೊಡ್ಡ ಜಿಪ್ ಫೈಲ್‌ಗಳು ಒಮ್ಮೊಮ್ಮೆ ಬಿಚ್ಚಿಕೊಳ್ತಿರಲಿಲ್ಲ. ಆಮೇಲೆ ಒಂದು ಪ್ರೋಗ್ರಾಂ. ಹುಬ್ಬಳ್ಳಿ ಕಡೆಯ ಆಪರೇಟರ್, ಜಾಬ್ ಇಡದೆ ಖಾಲಿ ಓಡಿಸಿ ನೋಡುವ ಅಭ್ಯಾಸ ಇದ್ದವರು, ಟೂಲ್ ಅತಿಯಾಗಿ ಕೆಳಗಿಳಿದದ್ದು ಕಂಡು ನಿಲ್ಲಿಸಿದರು. "ಸರ, ಸೈಜ್ ಸೇಮ್ ಐತಿ, ತಾರೀಖೂ ಸೇಮ್ ಐತಿ. ಒಳಗ ನಂಬರ್ ಬ್ಯಾರೆ ಐತಿ." ಈ ಮೂರು ಮಾತಿನಲ್ಲಿ ಅರ್ಧ ತನಿಖೆ ಮುಗಿದಿತ್ತು.

ನಾನು ಹೋಗುವಷ್ಟರಲ್ಲಿ ಹೊಸ ಕೇಬಲ್ ಎಳೆಸಿ, ಸ್ವಿಚ್ ಬದಲಾಯಿಸಿ ಆಗಿತ್ತು. ನೆಟ್‌ವರ್ಕ್ ಮೇಲೆ ಅನುಮಾನ ಬರೋದು ಸಹಜ, ಆದರೆ ಅಲ್ಲಿ ಕಾವಲು ಗಟ್ಟಿಯಾಗೇ ಇರುತ್ತೆ. ಈಥರ್‌ನೆಟ್‌ನ ಪ್ರತಿ ಫ್ರೇಮ್‌ಗೆ 32 ಬಿಟ್‌ನ ಒಂದು ತಾಳೆ ಸಂಖ್ಯೆ, ಅದರೊಳಗೆ ಟಿಸಿಪಿಯ 16 ಬಿಟ್‌ನ ಇನ್ನೊಂದು. ಕೇಬಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಕಾಪಿ ನಿಧಾನ ಆಗುತ್ತೆ ಅಥವಾ ಕಡಿದುಹೋಗುತ್ತೆ. ಸದ್ದಿಲ್ಲದೆ ಅಂಕಿ ಬದಲಾಗೋದು ಅಪರೂಪ. ಹಾಗಂತ ಆಗೋದೇ ಇಲ್ಲ ಅಂತಲ್ಲ. ಟಿಸಿಪಿಯ ತಾಳೆಯನ್ನೂ ದಾಟಿ ಹೋಗುವ ತಪ್ಪು 1.6 ಕೋಟಿ ಪ್ಯಾಕೆಟ್‌ಗೆ ಒಂದರಿಂದ 1,000 ಕೋಟಿಗೆ ಒಂದರವರೆಗೆ ಇರಬಹುದು ಅಂತ 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಅಂದಾಜು ಮಾಡಿದ್ದರು. 1 ಜಿಬಿ ಅಂದ್ರೆ ಸುಮಾರು 7 ಲಕ್ಷ ಪ್ಯಾಕೆಟ್, ನೀವೇ ಲೆಕ್ಕ ಹಾಕಿ.

ಆದರೆ ಈ ಕಾವಲೆಲ್ಲ ಪ್ಯಾಕ್ ಮಾಡಿದ ಮೇಲಿನದು. ಒಡೆದ ಕಪ್ಪನ್ನೇ ಡಬ್ಬಕ್ಕೆ ಹಾಕಿ ಸೀಲ್ ಮಾಡಿ ಲಾರಿಗೆ ಕೊಟ್ಟರೆ, ಸೀಲ್ ಮುರಿಯದೆ ಒಡೆದ ಕಪ್ಪೇ ಬರುತ್ತೆ.

ಅದಕ್ಕೇ ನಾನು ಪರೀಕ್ಷೆ ಶುರು ಮಾಡೋದು ಸರ್ವರ್‌ನ ಒಳಗೆ, ನೆಟ್‌ವರ್ಕ್ ಮುಟ್ಟದೆ. ಖರ್ಚೂ ಇಲ್ಲ. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಅಂತ ಒಂದು ಆಜ್ಞೆ ಇದೆ. ಫೈಲ್ ಎಷ್ಟೇ ದೊಡ್ಡದಿರಲಿ, 64 ಅಕ್ಷರದ ಒಂದು ಹೆಬ್ಬೆಟ್ಟಿನ ಗುರುತು ಕೊಡುತ್ತೆ. ಒಳಗೆ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆ. ಒಂದೇ ಫೈಲ್‌ಗೆ ಮೂರು ನಾಲ್ಕು ಸಲ ಇದನ್ನು ತೆಗೆದು ನೋಡಬೇಕು. ಫೈಲ್ ಮಾತ್ರ ರ‍್ಯಾಮ್‌ಗಿಂತ ದೊಡ್ಡದಿರಲಿ. ಚಿಕ್ಕದಾದರೆ ಎರಡನೇ ಸಲ ಡಿಸ್ಕ್‌ನಿಂದ ಓದದೆ ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಓದಿ, ಅದೇ ಉತ್ತರ ಕೊಟ್ಟುಬಿಡುತ್ತೆ. ಅಲ್ಲಿ 8 ಜಿಬಿ ರ‍್ಯಾಮ್ ಇತ್ತು, 12 ಜಿಬಿಯ ಒಂದು ಫೈಲ್ ತಗೊಂಡೆ. ನಾಲ್ಕು ಸಲಕ್ಕೆ ಮೂರು ಬೇರೆ ಬೇರೆ ಗುರುತು. ಕೇಬಲ್ ಪಾಪ, ಏನೂ ಮಾಡಿರಲಿಲ್ಲ.

ಆ ಫೈಲನ್ನು ಸರ್ವರ್‌ನಲ್ಲೇ ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಿ, ಎಫ್‌ಸಿ ಆಜ್ಞೆಯಲ್ಲಿ ಬೈಟ್‌ಗೆ ಬೈಟ್ ಹೋಲಿಸಿದೆ. ಕೆಟ್ಟಿದ್ದು ಬೆರಳೆಣಿಕೆಯಷ್ಟು ಬೈಟ್, ಎಲ್ಲದರಲ್ಲೂ ವ್ಯತ್ಯಾಸ 4. ಯಾವಾಗಲೂ ಅದೇ ಬಿಟ್. 2 ಹೋಗಿ 6 ಆಗಿದ್ದೂ ಅದೇ ನಾಲ್ಕು. ಇಷ್ಟು ಶಿಸ್ತಾಗಿ ತಪ್ಪುವುದು ರ‍್ಯಾಮ್ ಕೆಟ್ಟಾಗ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿದ್ವಿ, ಬೆಳಗ್ಗೆ ಪರದೆ ತುಂಬ ಕೆಂಪು. ಎರಡು ಸ್ಟಿಕ್‌ಗಳನ್ನು ಒಂದೊಂದಾಗಿ ತೆಗೆದು ಪರೀಕ್ಷೆ ಮಾಡಿದಾಗ ಕಳ್ಳ ಸಿಕ್ಕಿತು.

ಅದು ನಿಜವಾದ ಸರ್ವರ್ ಆಗಿದ್ದರೆ ಇಸಿಸಿ ರ‍್ಯಾಮ್ ಇರ್ತಿತ್ತು, ಒಂದು ಬಿಟ್ ತಪ್ಪಾದರೆ ತಾನೇ ತಿದ್ದುತ್ತಿತ್ತು. ಇದು ಹಳೇ ಡೆಸ್ಕ್‌ಟಾಪ್‌ಗೆ ಸರ್ವರ್ ಅಂತ ಹೆಸರಿಟ್ಟದ್ದು. ಪೀಣ್ಯದಲ್ಲಿ ಇಂಥವು ಬೇಕಾದಷ್ಟಿವೆ. ಹಿಂದೆ ಸಿಎನ್‌ಸಿಗೆ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಪ್ರೋಗ್ರಾಂ ಕೊಡ್ತಿದ್ದಾಗ ಐಎಸ್‌ಒ ಸಂಕೇತದಲ್ಲಿ ಪ್ರತಿ ಸಾಲಿನ ತೂತು ಸಮಸಂಖ್ಯೆಯಲ್ಲೇ ಇರಬೇಕಿತ್ತು. ಒಂದು ತೂತು ಹೆಚ್ಚುಕಡಿಮೆ ಆದರೆ ಮಷೀನ್ ನಿಲ್ತಿತ್ತು. ಆ ಪುಟ್ಟ ಎಚ್ಚರ ಈ ಡೆಸ್ಕ್‌ಟಾಪ್‌ಗೆ ಇರಲಿಲ್ಲ.

ನಿಮ್ಮಲ್ಲಿ ಸರ್ವರ್‌ನ ಒಳಗಿನ ಪರೀಕ್ಷೆ ಸರಿ ಬಂದರೆ ಆಗ ಹೊರಗೆ ಬನ್ನಿ. ಅದೇ ಫೈಲನ್ನು ಎರಡು ಬೇರೆ ಪಿಸಿಗೆ ಕಾಪಿ ಮಾಡಿ ಗುರುತು ಹೋಲಿಸಿ. ಒಂದರಲ್ಲಿ ಮಾತ್ರ ತಪ್ಪಿದರೆ ಆ ಪಿಸಿಯ ರ‍್ಯಾಮ್ ಅಥವಾ ನೆಟ್‌ವರ್ಕ್ ಕಾರ್ಡ್. ಕಾರ್ಡ್ ಡ್ರೈವರ್ ಅಪ್‌ಡೇಟ್ ಮಾಡಿ, ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಚೆಕ್‌ಸಮ್ ಆಫ್‌ಲೋಡ್ ನಿಲ್ಲಿಸಿ ನೋಡಿ. ಎರಡರಲ್ಲೂ ತಪ್ಪಿದರೆ ಸರ್ವರ್‌ನ ಕಾರ್ಡ್, ಆಮೇಲೆ ಸ್ವಿಚ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಆ ಶಾಪ್‌ನಲ್ಲಿ ಎಸ್.ಪಿ. ರೋಡ್‌ನಿಂದ ಹೊಸ ರ‍್ಯಾಮ್ ತಂದು ಹಾಕೋದು ಅರ್ಧ ದಿನದ ಕೆಲಸ. ಕಷ್ಟ ಇದ್ದದ್ದು ಬ್ಯಾಕಪ್‌ನಲ್ಲಿ. ಕೆಟ್ಟ ಫೈಲ್‌ಗಳೇ ದಿನಾ ಬ್ಯಾಕಪ್ ಆಗಿದ್ದವು. ಮೂಲದಿಂದ ಮತ್ತೆ ರೋಬೋಕಾಪಿ ಓಡಿಸಿದರೆ ಸರಿಹೋಗುತ್ತೆ ಅಂತ ಮಾಲೀಕರು ಅಂದುಕೊಂಡಿದ್ದರು. ಆದರೆ ಅದು ಸೈಜ್ ಮತ್ತು ತಾರೀಖು ನೋಡಿ ಒಂದೇ ಇದ್ದರೆ ಬಿಟ್ಟು ಮುಂದೆ ಹೋಗುತ್ತೆ. ಡಿಸೈನರ್‌ಗಳ ಪಿಸಿಯಲ್ಲಿದ್ದ ಮೂಲ ಪ್ರತಿಗಳ ಗುರುತು ತೆಗೆದು, ಸರ್ವರ್‌ನ ಪಟ್ಟಿಯ ಜೊತೆ ತಾಳೆ ನೋಡಿ, ತಪ್ಪಿದವನ್ನು ಮಾತ್ರ ತುಂಬಿಸಿದ್ವಿ. ಈಗ ಪ್ರೋಗ್ರಾಂ ಬರೆದ ಪಿಸಿಯಲ್ಲೇ ಗುರುತು ತೆಗೆದು ಜೊತೆಗೆ ಕಳಿಸ್ತಾರೆ, ಮಷೀನ್ ಪಕ್ಕದ ಪಿಸಿಯಲ್ಲಿ ಆಪರೇಟರ್ ಅದನ್ನು ನೋಡಿಕೊಂಡೇ ಲೋಡ್ ಮಾಡ್ತಾರೆ. ಮೂಲ ಪ್ರತಿ ಎಲ್ಲೂ ಸಿಗದ ಕೆಲವು ಡ್ರಾಯಿಂಗ್ ಇನ್ನೂ ಬಾಕಿ ಇವೆ. ಅವನ್ನು ಗ್ರಾಹಕರ ಹತ್ತಿರವೇ ಕೇಳಿ ತರಿಸಬೇಕು. ಆ ಫೋನ್ ಯಾರು ಮಾಡೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.